ಬಿಸಿಲನಾಡಿನ ಕಲ್ಲುಗಳೂ ಅವನ್ನು ನೋಡಬಂದವರೂ

ಜೇವರ್ಗಿಯನ್ನು ಬಿಟ್ಟು ಯಡ್ರಾಮಿಯ ಮಾರ್ಗವಾಗಿ ದಕ್ಷಿಣಾಭಿಮುಖನಾಗಿ ಸಾಗುವ ಪಯಣಿಗನಿಗೆ ಮೊದಲು ಎದುರಾಗುವುದು ಜೋಳ ತೊಗರಿಗಳನ್ನು ಬೆಳೆವ ವಿಸ್ತಾರವಾದ ಎರೆಭೂಮಿ. ಗೋಗಿ, ಶಹಾಪುರಗಳ ಸೀಮೆ ಸಮೀಪಿಸಿದಂತೆ ಆ ಕರಿನೆಲ ಹಿಂದೆ ಸರಿದು, ಶಹಾಬಾದಿ ಫರಸಿಯೆಂದು ನಾಡಿನ ಮನೆಮನೆಗಳ ನೆಲಕ್ಕೆ ಹಾಸಿದ ಸುಣ್ಣಕಲ್ಲಿನ ಪದರಗಳು ತಲೆದೋರಿ, ಅವನ್ನೂ ದಾಟಿದ ಮೇಲೆ, ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುವ ಕಣಶಿಲೆಯ ಬೆಟ್ಟಗಳು ದಿಗಂತವನ್ನು ಆಕ್ರಮಿಸುತ್ತವೆ. ಎರೆಮಣ್ಣಿಗೆ ಮೂಲವಾದ ಕರಿಗಲ್ಲು ಸುಮಾರು 6.5 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸ; ಶಹಾಪುರದ ಶಿಲೆಯಾದರೋ 250 ಕೋಟಿ ವರ್ಷಗಳ ಆಸುಪಾಸಿನದು. ಭೂಗರ್ಭದಲ್ಲಿದ್ದಾಗಲೇ ಅಡ್ಡಲಾಗಿಯೂ ಉದ್ದಲಾಗಿಯೂ ಬಿರಿದಿದ್ದ ಆ ಶಿಲೆಯ ಸೀಳುಗಳೊಳಗೆ ನೀರು ಇಳಿದು, ಮೂಲೆಗಳನ್ನು ಸವೆಸಿ, ಸಡಿಲವಾದುದನ್ನು ಮಳೆ ತೊಳೆದೊಯ್ದುದರಿಂದ, ಗಟ್ಟಿಯಾದ ಗುಂಡುಗಳು ಮಾತ್ರ ಉಳಿದು ಈಗಿನ ವಿಚಿತ್ರಾಕೃತಿಗಳು ರೂಪುಗೊಂಡವು.

ಇವುಗಳನ್ನು ನೋಡುವುದಕ್ಕೆಂದೇ ಪ್ರಯಾಣ ಹೊರಡುವ ಪದ್ಧತಿ ನಮ್ಮ ಹಿರಿಯರಲ್ಲಿ ಇದ್ದಂತಿಲ್ಲ. ಬಂಡಿ ಕಟ್ಟಿದರೆ ಅದು ಕಲಬುರಗಿಯ ಶರಣಬಸವೇಶ್ವರರ ಜಾತ್ರೆಗೆ, ದೇವಲ ಗಾಣಗಾಪುರದ ದತ್ತನ ಸನ್ನಿಧಿಗೆ, ಸನ್ನತಿಯ ಚಂದ್ರಲಾಂಬೆಯ ದರ್ಶನಕ್ಕೆ. ದಾರಿಯ ಕಲ್ಲು ಬೀಸುವ ಕಲ್ಲಾಗಬಹುದಿತ್ತು, ಹೊಲದ ಬದುವಾಗಬಹುದಿತ್ತು, ದೇವರೂ ಆಗಬಹುದಿತ್ತು; ಕೇವಲ ನೋಡತಕ್ಕ ವಸ್ತುವಾಗಿರಲಿಲ್ಲ. ಇದನ್ನು ನಾನು ನ್ಯೂನತೆಯೆಂದು ಎಣಿಸುವುದಿಲ್ಲ. ದಿನವೂ ಒಡನಾಡುವುದನ್ನು ದೂರ ನಿಂತು ದೃಷ್ಟಿಸುವ ಅಗತ್ಯವಾದರೂ ಏನು?

ಹೀಗೆ ದೂರ ನಿಂತು ದೃಷ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿ, ಹದಿಹರೆಯದಲ್ಲಿಯೇ ಹಿಂದೂಸ್ಥಾನಕ್ಕೆ ಬಂದು ನಿಜಾಮನ ಸೇವೆಗೆ ಸೇರಿದ ಈತ, 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿ ಆಂಗ್ಲ ಸರಕಾರದ ಪ್ರತಿನಿಧಿಯಾಗಿದ್ದನು. ಬಾಲಕನಾದ ರಾಜ ವೆಂಕಟಪ್ಪ ನಾಯಕನು ಆತನನ್ನು ‘ಅಪ್ಪ’ ಎಂದು ಕರೆಯುತ್ತಿದ್ದನು. ಅದೇ ಬಾಲಕ ಬೆಳೆದು 1858ರಲ್ಲಿ ಆಂಗ್ಲರ ವಿರುದ್ಧ ಶಸ್ತ್ರವೆತ್ತಿದುದು ಬೇರೊಂದು ಕಥೆ. ಕಾದಂಬರಿಕಾರನೂ ಚಿತ್ರಕಾರನೂ ಆಗಿದ್ದ ಟೇಲರನಿಗೆ, ಭೀಮಾತೀರದಲ್ಲಿ ಫಿರೋಜಾಬಾದಿನ ಪಾಳುಕೋಟೆಗೆ ಸಮೀಪದ ಜೇವರ್ಗಿಯ ಬಳಿ ಕಂಡ ಕಲ್ಗುಪ್ಪೆಗಳೂ ಅವುಗಳ ಸುತ್ತಣ ಶಿಲಾವೃತ್ತಗಳೂ ತನ್ನ ದ್ವೀಪಗಳ ಪುರಾತನ ಸಮಾಧಿಗಳನ್ನೇ ನೆನಪಿಗೆ ತಂದುವು. ಸುಮ್ಮನೆ ಕಂಡು ಮರಳುವ ಜಾಯಮಾನ ಆತನದಲ್ಲ, ಅಗೆಸಿದನು. ಒಳಗೆ ಮಡಕೆ ಕುಡಿಕೆಗಳು, ಕಬ್ಬಿಣದ ಆಯುಧಗಳು, ಮನುಷ್ಯರ ಅಸ್ಥಿಗಳು. ಕೆಲವೆಡೆ ರುಂಡ ಒಂದು ಕಡೆ, ಮುಂಡ ಇನ್ನೊಂದು ಕಡೆ. ಇದರಿಂದ ಆತನ ಕಲ್ಪನೆ ನರಬಲಿಯತ್ತ ಹರಿಯಿತು. ಮುಂದೆ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದಾಗ ಈ ಗೋರಿಗಳ ಕರ್ತೃತ್ವವನ್ನು ಮಧ್ಯ ಏಷ್ಯಾದ ಅಲೆಮಾರಿಗಳಾದ ಸಿಥಿಯನ್ನರಿಗೂ ಪ್ರಾಚೀನ ಬ್ರಿಟನ್ನಿನ ಪುರೋಹಿತರಾದ ಡ್ರೂಯಿಡರ ಪರಂಪರೆಗೂ ಕಟ್ಟಿದನು.

ಆ ಸಿದ್ಧಾಂತ ನಿಲ್ಲಲಿಲ್ಲ. ಇವು ದಕ್ಷಿಣದ ಕಬ್ಬಿಣಯುಗದ ಜನರೇ ತಮ್ಮ ಮೃತರಿಗಾಗಿ ನಿರ್ಮಿಸಿದ ಬೃಹತ್‌ಶಿಲಾ ಸಮಾಧಿಗಳೆಂಬುದು ಈಗ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆದರೆ ಅಗೆತದ ನಡುವೆ ಟೇಲರನು ಬರೆದಿಟ್ಟ ಗೋರಿಯ ಛೇದಚಿತ್ರ, ಎಂದರೆ ಮಣ್ಣಿನ ಯಾವ ಪದರದ ಕೆಳಗೆ ಯಾವ ಕಲ್ಲು, ಯಾವ ಅಸ್ಥಿ ಇತ್ತೆಂಬುದನ್ನು ಕ್ರಮವಾಗಿ ತೋರುವ ರೇಖಾಚಿತ್ರ, ಮಾತ್ರ ಬಾಳಿತು. ನಿಧಿಯಾಸೆಯಿಂದ ಭೂಮಿಯನ್ನು ಬಗೆಯುವುದೇ ಶೋಧವೆಂದು ಅನೇಕರು ತಿಳಿದಿದ್ದ ಕಾಲದಲ್ಲಿ ಅದು ಸಾಮಾನ್ಯ ಸಂಗತಿಯಲ್ಲ. ನಮ್ಮ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯನ್ನು 1947ರಲ್ಲಿ ಉತ್ಖನನ ಮಾಡಿಸಿದ ಮಾರ್ಟಿಮರ್ ವೀಲರನಂಥ ನಿಷ್ಠುರ ವಿಮರ್ಶಕನೂ ಆ ಚಿತ್ರಕ್ಕೆ ತಲೆದೂಗಿದನು. ಟೇಲರನ ಬುದ್ಧಿಗಿಂತ ಆತನ ಕಣ್ಣು ದೊಡ್ಡದಾಗಿತ್ತೆಂದರೆ ತಪ್ಪಾಗಲಾರದು.

ಶಹಾಪುರದಿಂದ ಸುರಪುರಕ್ಕೆ ಹೋಗುವ ಹಾದಿಯ ವಿಭೂತಿಹಳ್ಳಿಯನ್ನೂ ಆತನೇ ಗುರುತಿಸಿದ್ದನು. ಅಲ್ಲಿ ಗೋರಿಗಳಿಗಿಂತ ಭಿನ್ನವಾದ ನೋಟ: ಬೆಟ್ಟದಿಂದ ಉರುಳಿಸಿ ತಂದ ಗುಂಡುಗಳನ್ನು ಬಯಲಿನಲ್ಲಿ ಸಾಲುಸಾಲಾಗಿ, ಓರೆಗೆರೆಗಳೂ ಕೂಡುವಂತೆ, ನಿಯತವಾದ ಅಂತರದಲ್ಲಿ ಇರಿಸಿದ್ದಾರೆ. ಹಣಮಸಾಗರದಲ್ಲಿಯೂ ಇಂಥದೇ ರಚನೆಯುಂಟು. 1950ರ ದಶಕದಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ಈ ಸಾಲುಗಳನ್ನು ಕುರಿತು ಬರೆದನು. ಬಳಿಕ ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಅವರು ಅಯನ ಸಂಕ್ರಾಂತಿಗಳ ಸೂರ್ಯೋದಯ, ಸೂರ್ಯಾಸ್ತಗಳ ದಿಕ್ಕಿಗೂ ಇವಕ್ಕೂ ಸಂಬಂಧವುಂಟೆಂದು ಪ್ರತಿಪಾದಿಸಿದರು. ಹುಣಸಗಿಯತ್ತ ಹೊರಳಿದರೆ ಕಾಲದ ಅಳತೆಯೇ ಬದಲಾಗುತ್ತದೆ: ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ಶೋಧಿಸಿದ ಆ ಕಣಿವೆಯಲ್ಲಿ, ಇಸಾಂಪುರದ ಆದಿಮಾನವರು ಸುಮಾರು 12 ಲಕ್ಷ ವರ್ಷಗಳ ಹಿಂದೆ ಸುಣ್ಣಕಲ್ಲಿನ ಹಲಗೆಗಳನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದರು.

ಇಂದಿನ ಪ್ರವಾಸಿಗಳ ಮನಸ್ಸನ್ನು ಸೆಳೆದಿರುವುದು ಮಾತ್ರ ಶಹಾಪುರದ ‘ಮಲಗಿದ ಬುದ್ಧ’. ಬೆಟ್ಟಗಳ ಸಾಲು ದೂರದಿಂದ ಅಂಗಾತ ಮಲಗಿದ ಪುರುಷನ ಮುಖ, ಎದೆ, ಉದರಗಳಂತೆ ಕಾಣುವುದರಿಂದ, ರಸ್ತೆಯ ಬದಿಯಲ್ಲಿ ವಾಹನ ನಿಲ್ಲಿಸಿ ಚಿತ್ರ ತೆಗೆದುಕೊಳ್ಳುವವರಿಗೆ ಬರವಿಲ್ಲ. ಅದು ಪ್ರಕೃತಿಯ ಆಕಸ್ಮಿಕ. ಅಲ್ಲಿಗೆ ಅನತಿದೂರದ ವಿಭೂತಿಹಳ್ಳಿಯ ಸಾಲುಗಳು ಮನುಷ್ಯರ ಸಂಕಲ್ಪ. ಮೊದಲನೆಯದಕ್ಕೆ ನಿಂತವರಲ್ಲಿ ಎಷ್ಟು ಜನ ಎರಡನೆಯದಕ್ಕೆ ಇಳಿಯುತ್ತಾರೋ ಅನುಮಾನ. ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಆ ಬಯಲಿಗೆ ಹೋಗಬೇಕೆನ್ನುವವರು ಡಿಸೆಂಬರ್ ಮಾಸದಲ್ಲಿ ಹೊರಡುವುದು ಲೇಸು, ಅದರಲ್ಲಿಯೂ ಬೆಳಗಿನ ಹೊತ್ತು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಅದು ಬರಿಯ ಕಲ್ಲುಗಳ ಹರಹಾಗಿ ತೋರುವುದುಂಟು, ಎಳೆಬಿಸಿಲಿನ ಉದ್ದ ನೆರಳುಗಳಿದ್ದರೆ ಸಾಲುಗಳು ತಾವಾಗಿಯೇ ಎದ್ದು ಕಾಣುತ್ತವೆ.