ಚೆರ್ರಿ ಸಿಗಡಿ

ಚೆರ್ರಿ ಸಿಗಡಿ ಎಂಬುದು ಮನೆಯ ಅಕ್ವೇರಿಯಂಗಳಲ್ಲಿ ಅಲಂಕಾರಕ್ಕಾಗಿ ಸಾಕಲಾಗುವ, ಕೆಂಪು ಬಣ್ಣದ ಸಣ್ಣ ಸಿಹಿನೀರಿನ ಸಿಗಡಿ. ಇದರ ವೈಜ್ಞಾನಿಕ ಹೆಸರು ನಿಯೋಕ್ಯಾರಿಡಿನಾ ಡೇವಿಡಿ. ಚೀನಾ, ತೈವಾನ್, ಕೊರಿಯಾ ಮತ್ತು ವಿಯೆಟ್ನಾಂ ಪ್ರದೇಶಗಳ ಹಳ್ಳಕೊಳ್ಳಗಳು ಇದರ ಮೂಲ ನೆಲೆ. ಅಲ್ಲಿ ಇದು ಕಂದು ಅಥವಾ ಮಾಸಲು ಹಸಿರು ಬಣ್ಣದ, ಕಣ್ಣಿಗೆ ಸುಲಭವಾಗಿ ಬೀಳದ ಜೀವಿ. ಇಂದು ಕಾಣುವ ಕೆಂಪು ಬಣ್ಣವು ಮನುಷ್ಯನು ತಲೆಮಾರುಗಳ ಕಾಲ ಆಯ್ದು ಬೆಳೆಸಿದ್ದರ ಫಲ. ಅಲಂಕಾರಿಕ ಸಿಗಡಿಗಳಲ್ಲಿ ಸಾಕಲು ಸುಲಭವಾದುದು ಎಂಬ ಹೆಸರು ಇದಕ್ಕಿದೆ. ಆ ಹೆಸರನ್ನು ನಂಬಿ, ತೊಟ್ಟಿಯನ್ನು ಕೊಂಡ ದಿನವೇ ಸಿಗಡಿಯನ್ನೂ ತಂದು ಬಿಟ್ಟವರು ಒಂದೆರಡು ವಾರಗಳಲ್ಲಿ ಎಲ್ಲವನ್ನೂ ಕಳೆದುಕೊಳ್ಳುವುದು ಸಾಮಾನ್ಯ. ಈ ಪ್ರಾಣಿ ಬಗೆಬಗೆಯ ನೀರಿಗೆ ಹೊಂದಿಕೊಳ್ಳಬಲ್ಲದು. ಆದರೆ ನೀರಿನ ಗುಣದಲ್ಲಿ ಹಠಾತ್ತಾಗಿ ಆಗುವ ಬದಲಾವಣೆಯನ್ನು ತಾಳಿಕೊಳ್ಳಲಾರದು.

ಹೆಸರು ಮತ್ತು ವರ್ಗೀಕರಣ

ಸಿಗಡಿಗೆ ಕುಂದಾಪುರದ ಕಡೆಯ ಕನ್ನಡದಲ್ಲಿ ಚಟ್ಲಿ ಎಂದೂ ತುಳುವಿನಲ್ಲಿ ಎಟ್ಟಿ ಎಂದೂ ಹೆಸರು. ಈ ಹೆಸರುಗಳು ಮುಖ್ಯವಾಗಿ ಅಡುಗೆಮನೆಗೆ ಸಂಬಂಧಿಸಿದವು. ಚೆರ್ರಿ ಸಿಗಡಿಯು ಆ ಸಮುದ್ರ ಸಿಗಡಿಗಳ ದೂರದ ಬಂಧು. ಹತ್ತು ಕಾಲುಗಳ ಕಠಿಣಚರ್ಮಿಗಳ ಗಣದಲ್ಲಿ ಏಟಿಡೇ ಎಂಬ ಬೇರೆ ಕುಟುಂಬಕ್ಕೆ ಸೇರಿದೆ. ಈ ಕುಟುಂಬದ ಬಹುತೇಕ ಸಿಗಡಿಗಳು ಸಿಹಿನೀರಿನ ವಾಸಿಗಳು.

ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಬೂವಿಯೆ 1904ರಲ್ಲಿ ಈ ಜಾತಿಯನ್ನು ಕ್ಯಾರಿಡಿನಾ ಕುಲದಲ್ಲಿ ಸೇರಿಸಿ ವಿವರಿಸಿದನು. ನಿಯೋಕ್ಯಾರಿಡಿನಾ ಎಂಬ ಕುಲವು ರೂಪುಗೊಂಡದ್ದು 1938ರಲ್ಲಿ. ಕಲ್ಕತ್ತೆಯಲ್ಲಿ ಕೆಲಸ ಮಾಡುತ್ತಿದ್ದ ಸ್ಟ್ಯಾನ್ಲಿ ಕೆಂಪ್ 1918ರಲ್ಲಿ ಚೀನಾದ ಸಿಗಡಿಯೊಂದಕ್ಕೆ ಇಟ್ಟ ಸೈನೆನ್ಸಿಸ್ ಎಂಬ ಹೆಸರೂ, ಆ ಬಳಿಕ ಬಂದ ಹೆಟೆರೊಪೋಡಾ ಎಂಬ ಹೆಸರೂ ಬಹುಕಾಲ ಇದೇ ಪ್ರಾಣಿಗೆ ಬಳಕೆಯಲ್ಲಿದ್ದವು. ಹಳೆಯ ಪುಸ್ತಕಗಳಲ್ಲಿ ಬೇರೆ ಬೇರೆ ಹೆಸರುಗಳನ್ನು ಕಂಡು ಬೇರೆ ಬೇರೆ ಜಾತಿಗಳೆಂದು ಭಾವಿಸಬೇಕಾಗಿಲ್ಲ.

ದೇಹರಚನೆ

ಪೂರ್ಣ ಬೆಳೆದ ಹೆಣ್ಣು ಸುಮಾರು 3 ಸೆಂಟಿಮೀಟರ್, ಅಪರೂಪಕ್ಕೆ 4 ಸೆಂಟಿಮೀಟರ್ ಉದ್ದವಿರುತ್ತದೆ. ಗಂಡು ಅದಕ್ಕಿಂತ ಚಿಕ್ಕದು, ತೆಳ್ಳಗಿನದು, ಬಣ್ಣದಲ್ಲಿಯೂ ಮಾಸಲು. ಹೆಣ್ಣಿನ ಹೊಟ್ಟೆಯ ಕೆಳಭಾಗವು ಮೊಟ್ಟೆಗಳನ್ನು ಹೊರಲು ಅನುಕೂಲವಾಗುವಂತೆ ಅಗಲವಾಗಿ ಬಾಗಿರುತ್ತದೆ. ಆಯುಷ್ಯವು ಒಂದರಿಂದ ಎರಡು ವರ್ಷ.

ಮುಂಗಾಲುಗಳ ಪುಟ್ಟ ಚಿಮುಟಗಳ ತುದಿಯಲ್ಲಿ ಕುಂಚದಂತಹ ರೋಮಗಳಿವೆ. ಇವುಗಳಿಂದ ಸಿಗಡಿಯು ಕಲ್ಲು, ಎಲೆ, ಗಾಜುಗಳ ಮೇಲಿನ ಪಾಚಿಯನ್ನೂ ಸೂಕ್ಷ್ಮಜೀವಿಗಳ ಲೋಳೆಪದರವನ್ನೂ ಕೆರೆದು ಬಾಯಿಗೆ ಒಯ್ಯುತ್ತದೆ. ಆರೋಗ್ಯವಾಗಿರುವ ಸಿಗಡಿಯ ಕೈಗಳು ಎಚ್ಚರವಿರುವಷ್ಟು ಹೊತ್ತೂ ಈ ಕೆಲಸದಲ್ಲಿಯೇ ತೊಡಗಿರುತ್ತವೆ. ಕೈ ನಿಲ್ಲಿಸಿ ಮೂಲೆಯಲ್ಲಿ ಕುಳಿತ ಸಿಗಡಿಯನ್ನು ಕಂಡರೆ ನೀರನ್ನು ಪರೀಕ್ಷಿಸುವುದು ಒಳಿತು.

ಬಣ್ಣ ಮತ್ತು ತಳಿಗಳು

ಸಿಗಡಿಗಳ ಬಣ್ಣಕ್ಕೆ ಚರ್ಮದಲ್ಲಿರುವ ವರ್ಣಕೋಶಗಳು ಕಾರಣ. ಕೆಂಪು ವರ್ಣದ್ರವ್ಯವು ಕ್ಯಾರಟ್‌ಗೆ ಬಣ್ಣ ಕೊಡುವ ಕ್ಯಾರೊಟಿನಾಯ್ಡ್ ಗುಂಪಿಗೇ ಸೇರಿದ್ದು. ಸಾಮಾನ್ಯ ಸಿಗಡಿಯಲ್ಲಿ ಈ ದ್ರವ್ಯವು ಪ್ರೋಟೀನಿಗೆ ಅಂಟಿಕೊಂಡು ತನ್ನ ಕೆಂಪನ್ನು ಮರೆಮಾಡಿರುತ್ತದೆ. ಕಾಯಿಸಿದಾಗ ಪ್ರೋಟೀನು ಸಡಿಲಗೊಂಡು ಕೆಂಪು ಹೊರಬೀಳುತ್ತದೆ. ಬೇಯಿಸಿದ ಸಿಗಡಿ ಕೆಂಪಗಾಗುವುದು ಇದರಿಂದಲೇ. ಕಾಡುಸಿಗಡಿಗಳಲ್ಲಿ ಸಹಜವಾಗಿ ತುಸು ಕೆಂಪಾಗಿದ್ದವುಗಳನ್ನೇ ಆಯ್ದು, ಅವುಗಳ ಮರಿಗಳಲ್ಲಿ ಮತ್ತಷ್ಟು ಕೆಂಪಾದವುಗಳನ್ನು ಬೇರ್ಪಡಿಸಿ ಬೆಳೆಸುತ್ತ ಬಂದುದರಿಂದ ಚೆರ್ರಿ ತಳಿ ಸಿದ್ಧವಾಯಿತು. ಬಣ್ಣದ ಸಾಂದ್ರತೆಗೆ ಅನುಗುಣವಾಗಿ ವ್ಯಾಪಾರಿಗಳು ಸಕುರಾ, ಫೈರ್ ರೆಡ್ ಮೊದಲಾದ ದರ್ಜೆಗಳನ್ನು ಹೇಳುತ್ತಾರೆ. ಈ ದರ್ಜೆಗಳಿಗೆ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ. ಬೆಲೆ ಕೊಡುವ ಮುನ್ನ ಕಣ್ಣಾರೆ ನೋಡುವುದೇ ಸರಿ. ಇದೇ ಜಾತಿಯಿಂದ ಹಳದಿ, ಕಿತ್ತಳೆ, ನೀಲಿ, ಕಪ್ಪು ತಳಿಗಳೂ, ದೇಹದ ನಡುಭಾಗ ಪಾರದರ್ಶಕವಾಗಿರುವ ರಿಲಿ ಎಂಬ ತಳಿಯೂ ಹುಟ್ಟಿವೆ.

ಇವೆಲ್ಲವೂ ಒಂದೇ ಜಾತಿಯಾದ್ದರಿಂದ ಪರಸ್ಪರ ಕೂಡುತ್ತವೆ. ಬಣ್ಣಬಣ್ಣದ ಸಿಗಡಿಗಳನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟರೆ ಮೊದಮೊದಲು ನೋಟ ಚೆಂದವೆನಿಸುತ್ತದೆ. ಕೆಲವೇ ತಲೆಮಾರುಗಳಲ್ಲಿ ಮರಿಗಳು ಪೂರ್ವಜರ ಕಂದು ಬಣ್ಣಕ್ಕೆ ಮರಳತೊಡಗುತ್ತವೆ. ಒಂದೇ ಬಣ್ಣದ ತೊಟ್ಟಿಯಲ್ಲಿಯೂ ಮಾಸಲು ಮರಿಗಳನ್ನು ಆಗಾಗ ಬೇರ್ಪಡಿಸದಿದ್ದರೆ ಬಣ್ಣ ಕ್ರಮೇಣ ಇಳಿಯುತ್ತದೆ. ಬೇರ್ಪಡಿಸಿದ ಮರಿಗಳನ್ನು ಕೊಲ್ಲಬೇಕಾಗಿಲ್ಲ. ಇನ್ನೊಂದು ತೊಟ್ಟಿಯಲ್ಲಿಟ್ಟರೆ ಅವೂ ಕೆಂಪು ಸಿಗಡಿಗಳಷ್ಟೇ ಚೆನ್ನಾಗಿ ಪಾಚಿ ಮೇಯುತ್ತವೆ.

ಹೋಲುವ ಇತರ ಸಿಗಡಿಗಳು

ಜಪಾನಿನ ಛಾಯಾಗ್ರಾಹಕ ಹಾಗೂ ಜಲೋದ್ಯಾನ ಕಲಾವಿದ ತಕಾಶಿ ಅಮಾನೊ (1954–2015) ಪಾಚಿ ನಿಯಂತ್ರಣಕ್ಕಾಗಿ ಬಳಕೆಗೆ ತಂದ ಅಮಾನೊ ಸಿಗಡಿಯು ಕ್ಯಾರಿಡಿನಾ ಮಲ್ಟಿಡೆಂಟಾಟಾ ಎಂಬ ಬೇರೆ ಜಾತಿ. ಅದರ ಮರಿಹುಳುಗಳು ಉಪ್ಪುನೀರಿನಲ್ಲಿ ಮಾತ್ರ ಬೆಳೆಯುವುದರಿಂದ ಮನೆಯ ಸಿಹಿನೀರಿನ ತೊಟ್ಟಿಯಲ್ಲಿ ಸಂತತಿ ಬೆಳೆಯುವುದಿಲ್ಲ. ಕೆಂಪು–ಬಿಳಿ ಪಟ್ಟೆಗಳ ಕ್ರಿಸ್ಟಲ್ ರೆಡ್ ಸಿಗಡಿಯನ್ನು 1990ರ ದಶಕದಲ್ಲಿ ಜಪಾನಿನ ಹಿಸಯಾಸು ಸುಜುಕಿ ಅಭಿವೃದ್ಧಿಪಡಿಸಿದರು. ಅದು ಮೆದುವಾದ, ತುಸು ಆಮ್ಲೀಯ ನೀರನ್ನು ಬಯಸುವ ನಾಜೂಕಿನ ಪ್ರಾಣಿ. ಹೊಸಬರು ಅದರಿಂದ ಆರಂಭಿಸುವುದು ಸೂಕ್ತವಲ್ಲ.

ತೊಟ್ಟಿಯ ಸಿದ್ಧತೆ

ಇಪ್ಪತ್ತು ಲೀಟರಿನ ತೊಟ್ಟಿಯಲ್ಲಿಯೂ ಸಿಗಡಿ ಸಾಕಬಹುದು. ಆದರೆ ನೀರು ಹೆಚ್ಚಿದ್ದಷ್ಟೂ ಅದರ ಗುಣ ನಿಧಾನವಾಗಿ ಬದಲಾಗುವುದರಿಂದ ಹೊಸಬರಿಗೆ ದೊಡ್ಡ ತೊಟ್ಟಿಯೇ ಸುಲಭ. ಗಾಳಿಪಂಪಿನಿಂದ ನಡೆಯುವ ಸ್ಪಂಜಿನ ಶೋಧಕವು ಎಲ್ಲಕ್ಕಿಂತ ಯೋಗ್ಯ. ಅದು ಮರಿಗಳನ್ನು ಒಳಗೆ ಎಳೆದುಕೊಳ್ಳುವುದಿಲ್ಲ, ಜೊತೆಗೆ ಸ್ಪಂಜಿನ ಮೇಲ್ಮೈ ಅವುಗಳಿಗೆ ಮೇವಿನ ಬಯಲಾಗುತ್ತದೆ. ಜಾವಾ ಪಾಚಿಯಂತಹ ಸಸ್ಯವಿದ್ದರೆ ಮರಿಗಳಿಗೆ ಆಸರೆಯೂ ಆಹಾರವೂ ದೊರೆಯುತ್ತವೆ.

ಸಿಗಡಿ ಸಾಕಣೆಯಲ್ಲಿ ಬಹುಪಾಲು ಸಾವುಗಳಿಗೆ ಕಾರಣವಾಗುವುದು ಈ ಹಂತದ ಅವಸರ. ತೊಟ್ಟಿಯಲ್ಲಿ ಪ್ರಾಣಿಗಳ ಮಲ ಮತ್ತು ಕೊಳೆತ ಆಹಾರದಿಂದ ಅಮೋನಿಯಾ ಉಂಟಾಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲಿನ ಎರಡೂ ಸಿಗಡಿಗೆ ವಿಷ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಸಾಕಷ್ಟು ಇರುವುದಿಲ್ಲ. ಅವು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯಲ್ಲಿ ಸಿಗಡಿಗಳಿಲ್ಲದೆಯೇ ಶೋಧಕವನ್ನು ನಡೆಸುತ್ತ, ಚಿಟಿಕೆ ಮೀನಿನ ಆಹಾರ ಹಾಕುತ್ತ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಶೂನ್ಯಕ್ಕೆ ಇಳಿಯುವವರೆಗೆ ಕಾಯಬೇಕು. ಇದನ್ನು ತೊಟ್ಟಿಯನ್ನು ಮಾಗಿಸುವುದು ಎನ್ನಬಹುದು. ನೀರು ತಿಳಿಯಾಗಿ ಕಂಡಿತೆಂಬುದು ಮಾಗಿದ್ದಕ್ಕೆ ಸಾಕ್ಷಿಯಲ್ಲ. ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ.

ನೀರು

ತಾಪಮಾನ 20ರಿಂದ 26 ಡಿಗ್ರಿ ಸೆಲ್ಸಿಯಸ್, ಪಿಎಚ್ 6.5ರಿಂದ 8ರವರೆಗೆ ಇದ್ದು, ನೀರು ಸಾಧಾರಣ ಗಡಸಾಗಿದ್ದರೆ ಚೆರ್ರಿ ಸಿಗಡಿ ನೆಮ್ಮದಿಯಾಗಿರುತ್ತದೆ. ಹೊರಕವಚ ಕಟ್ಟಿಕೊಳ್ಳಲು ಅದಕ್ಕೆ ಸುಣ್ಣದಂಶ ಅಗತ್ಯ. ಆರ್‌ಒ ಯಂತ್ರದಿಂದ ಬಂದ ನೀರಿನಲ್ಲಿ ಖನಿಜಗಳು ಬಹಳ ಕಡಿಮೆಯಿರುವುದರಿಂದ ಅದನ್ನು ಹಾಗೆಯೇ ತುಂಬಬಾರದು. ಖನಿಜ ಲವಣಗಳನ್ನು ಬೆರೆಸಬೇಕು. ನಲ್ಲಿ ನೀರಿನಲ್ಲಿರುವ ಕ್ಲೋರಿನನ್ನು ನಿವಾರಕ ದ್ರಾವಣದಿಂದ ತೆಗೆದೇ ಬಳಸಬೇಕು.

ಆವಿಯಾಗಿ ಹೋಗುವುದು ನೀರು ಮಾತ್ರ, ಅದರಲ್ಲಿ ಕರಗಿರುವ ಲವಣಗಳು ತೊಟ್ಟಿಯಲ್ಲಿಯೇ ಉಳಿಯುತ್ತವೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಬತ್ತಿದಷ್ಟನ್ನು ಪ್ರತಿ ಬಾರಿಯೂ ಕೊಳವೆಬಾವಿಯ ಗಡಸು ನೀರಿನಿಂದ ತುಂಬುತ್ತ ಹೋದರೆ ಗಡಸುತನ ತಿಂಗಳಿಂದ ತಿಂಗಳಿಗೆ ಏರುತ್ತದೆ. ಈ ಭರ್ತಿಗೆ ಆರ್‌ಒ ನೀರು ತಕ್ಕದ್ದು. ನೀರು ಬದಲಿಸುವುದು ಬೇರೆಯ ಕೆಲಸ: ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಭಾಗವನ್ನು ತೆಗೆದು, ಅದೇ ತಾಪಮಾನದ ಮತ್ತು ಅದೇ ಗುಣದ ನೀರನ್ನು ನಿಧಾನವಾಗಿ ಸೇರಿಸಿದರೆ ಸಾಕು. ಒಮ್ಮೆಗೇ ಅರ್ಧ ತೊಟ್ಟಿ ನೀರು ಬದಲಿಸಿ ತೊಳೆದಿಟ್ಟರೆ ಮನೆಯವರ ಕಣ್ಣಿಗೆ ಶುಚಿಯಾಗಿ ಕಾಣುತ್ತದೆ, ಸಿಗಡಿಗಳು ಮಾತ್ರ ಅಕಾಲದಲ್ಲಿ ಪೊರೆ ಕಳಚಿ ಸಾಯಬಹುದು. ಹೊಸದಾಗಿ ತಂದ ಸಿಗಡಿಗಳನ್ನೂ ಹಾಗೆಯೇ ಸುರಿಯಬಾರದು. ಅವು ಬಂದ ನೀರಿಗೆ ತೊಟ್ಟಿಯ ನೀರನ್ನು ತೆಳುವಾದ ನಳಿಕೆಯಿಂದ ಒಂದೆರಡು ಗಂಟೆ ತೊಟ್ಟಿಕ್ಕಿಸಿ, ಆನಂತರ ಬಲೆಯಿಂದ ವರ್ಗಾಯಿಸಬೇಕು.

ಕರ್ನಾಟಕದ ಬಯಲುಸೀಮೆಯಲ್ಲಿ, ವಿಶೇಷವಾಗಿ ರಾಯಚೂರು, ಕಲಬುರಗಿಗಳಂತಹ ಕಡೆ, ಬೇಸಿಗೆಯೇ ದೊಡ್ಡ ಪರೀಕ್ಷೆ. ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಪ್ರಾಣಿಯ ಆಮ್ಲಜನಕದ ಅಗತ್ಯವೋ ಹೆಚ್ಚುತ್ತದೆ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಹಾಯಿಸಿದರೆ ಆವಿಯಾಗುವಿಕೆಯಿಂದ ಕೆಲವು ಡಿಗ್ರಿ ತಂಪಾಗುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಇದೇ ತತ್ತ್ವದಿಂದ.

ವಿಷವಸ್ತುಗಳು

ಸಿಗಡಿಯ ರಕ್ತದಲ್ಲಿ ಆಮ್ಲಜನಕವನ್ನು ಸಾಗಿಸುವ ಹೀಮೊಸಯನಿನ್ ತಾಮ್ರವನ್ನು ಒಳಗೊಂಡಿದೆ. ಹೀಗೆ ತಾಮ್ರವು ಅದರ ಜೀವಕ್ಕೆ ಆಧಾರವಾಗಿದ್ದರೂ ನೀರಿನಲ್ಲಿ ಅದರ ಅಂಶ ಸ್ವಲ್ಪ ಹೆಚ್ಚಿದರೂ ಮಾರಕ. ಮೀನುಗಳ ಕೆಲವು ಔಷಧಿಗಳಲ್ಲಿ ತಾಮ್ರವಿರುತ್ತದೆ. ಕುಡಿಯಲು ಶ್ರೇಷ್ಠವೆಂದು ತಾಮ್ರದ ಕೊಡ, ಹಂಡೆಗಳಲ್ಲಿ ತುಂಬಿಟ್ಟ ನೀರನ್ನು ತೊಟ್ಟಿಗೆ ಸುರಿಯುವುದು ಕೂಡ ಅಪಾಯಕರ. ಸೊಳ್ಳೆ, ಜಿರಳೆಗಳ ನಿವಾರಣೆಗೆ ಮನೆಯಲ್ಲಿ ಬಳಸುವ ದ್ರಾವಣ ಮತ್ತು ಸಿಂಪಡಣೆಗಳಲ್ಲಿರುವ ಪೈರಿಥ್ರಾಯ್ಡ್ ರಾಸಾಯನಿಕಗಳು ಕೀಟಗಳನ್ನು ಕೊಲ್ಲುವಂತೆಯೇ ಕೀಟಗಳ ಬಂಧುಗಳಾದ ಸಿಗಡಿಗಳನ್ನೂ ಕೊಲ್ಲುತ್ತವೆ. ಗಾಳಿಪಂಪು ಕೋಣೆಯ ಗಾಳಿಯನ್ನೇ ನೀರಿಗೆ ಊದುತ್ತದೆ ಎಂಬುದನ್ನು ಮರೆಯಬಾರದು. ಮಾರುಕಟ್ಟೆಯ ಸೊಪ್ಪು, ತರಕಾರಿಗಳಲ್ಲಿ ಉಳಿದ ಕೀಟನಾಶಕವೂ ಸಾಕು.

ಆಹಾರ

ಮಾಗಿದ ತೊಟ್ಟಿಯಲ್ಲಿ ಪಾಚಿ ಮತ್ತು ಲೋಳೆಪದರವೇ ಮುಖ್ಯ ಆಹಾರ. ಇದರ ಜೊತೆಗೆ ಚೆನ್ನಾಗಿ ತೊಳೆದು ಬೇಯಿಸಿದ ಪಾಲಕ್, ಸೌತೆಕಾಯಿಯ ತುಂಡು, ಒಣಗಿದ ಬಾದಾಮಿ ಮರದ ಎಲೆ ಅಥವಾ ಸಿದ್ಧ ಆಹಾರವನ್ನು ವಾರಕ್ಕೆ ಎರಡು ಮೂರು ಬಾರಿ ಕೊಡಬಹುದು. ಇಲ್ಲಿ ಬಾದಾಮಿ ಮರ ಎಂದರೆ ಬೀದಿಬದಿಯಲ್ಲಿ ಬೆಳೆಯುವ ಕಾಡುಬಾದಾಮಿ. ತಿನ್ನದೆ ಉಳಿದ ತರಕಾರಿಯನ್ನು ಮರುದಿನ ತೆಗೆಯಬೇಕು. ಹಸಿವಿನಿಂದ ಸಾಯುವ ಸಿಗಡಿಗಳಿಗಿಂತ, ಹೆಚ್ಚಾಗಿ ಹಾಕಿದ ಆಹಾರ ಕೊಳೆತು ಸಾಯುವವೇ ಹೆಚ್ಚು.

ಪೊರೆ ಕಳಚುವಿಕೆ

ಹೊರಕವಚ ಹಿಗ್ಗದಾದ್ದರಿಂದ ಸಿಗಡಿಯು ಬೆಳೆಯುವಾಗಲೆಲ್ಲ ಅದನ್ನು ಕಳಚಬೇಕಾಗುತ್ತದೆ. ಮರಿಗಳು ಕೆಲವೇ ದಿನಗಳಿಗೊಮ್ಮೆ, ದೊಡ್ಡವು ಮೂರು ನಾಲ್ಕು ವಾರಗಳಿಗೊಮ್ಮೆ ಪೊರೆ ಬಿಡುತ್ತವೆ. ತೊಟ್ಟಿಯ ತಳದಲ್ಲಿ ಸಿಗಡಿಯ ಆಕಾರದ ಬಿಳಿಯ ವಸ್ತುವನ್ನು ಕಂಡು ಗಾಬರಿಯಾಗುವವರುಂಟು. ಪಾರದರ್ಶಕವಾಗಿ, ಟೊಳ್ಳಾಗಿದ್ದರೆ ಅದು ಪೊರೆ; ಅಪಾರದರ್ಶಕವಾಗಿ, ನಸುಗೆಂಪಾಗಿದ್ದರೆ ಸತ್ತ ಸಿಗಡಿ. ಪೊರೆಯನ್ನು ತೆಗೆಯಬೇಕಾಗಿಲ್ಲ, ಸಿಗಡಿಗಳು ಅದನ್ನು ತಿಂದು ಸುಣ್ಣದಂಶವನ್ನು ಮರಳಿ ಪಡೆಯುತ್ತವೆ. ಹೊಸ ಕವಚ ಗಟ್ಟಿಯಾಗುವವರೆಗೆ ಪ್ರಾಣಿ ಅಡಗಿಕೊಂಡಿರುತ್ತದೆ. ಖನಿಜದ ಕೊರತೆ ಅಥವಾ ನೀರಿನ ಹಠಾತ್ ಬದಲಾವಣೆಯಿಂದ ಹಳೆಯ ಕವಚವು ಸರಿಯಾದ ಜಾಗದಲ್ಲಿ ಬಿರಿಯದೆ ಹೋದರೆ ತಲೆಯ ಹಿಂದೆ ಬಿಳಿಯ ಉಂಗುರ ಕಾಣಿಸಿಕೊಂಡು ಸಿಗಡಿ ಸಾಮಾನ್ಯವಾಗಿ ಸಾಯುತ್ತದೆ.

ಸಂತಾನೋತ್ಪತ್ತಿ

ಹೆಣ್ಣಿನ ತಲೆಯ ಹಿಂಭಾಗದಲ್ಲಿ ಕುದುರೆಯ ಜೀನಿನಂತೆ ಕಾಣುವ ಹಳದಿ ಅಥವಾ ಹಸಿರು ಗುರುತು ಅಂಡಾಶಯದಲ್ಲಿ ಬೆಳೆಯುತ್ತಿರುವ ಮೊಟ್ಟೆಗಳದು. ಪೊರೆ ಕಳಚಿದ ಕೂಡಲೇ ಹೆಣ್ಣು ನೀರಿಗೆ ಒಂದು ರಾಸಾಯನಿಕ ಸಂಕೇತವನ್ನು ಬಿಡುತ್ತದೆ. ಗಂಡುಗಳೆಲ್ಲ ಮೇಯುವುದನ್ನು ಬಿಟ್ಟು ತೊಟ್ಟಿಯ ತುಂಬ ಅತ್ತಿತ್ತ ಈಜುತ್ತ ಹುಡುಕುತ್ತವೆ. ಕೂಡಿದ ಬಳಿಕ ಮೊಟ್ಟೆಗಳು ಹೊಟ್ಟೆಯಡಿಯ ಈಜುಗಾಲುಗಳಿಗೆ ಅಂಟಿಕೊಳ್ಳುತ್ತವೆ. ಸಾಮಾನ್ಯವಾಗಿ ಇಪ್ಪತ್ತು ಮೂವತ್ತರಷ್ಟಿರುವ ಈ ಮೊಟ್ಟೆಗಳನ್ನು ತಾಯಿಯು ಮೂರು ನಾಲ್ಕು ವಾರ ಹೊತ್ತು, ಈಜುಗಾಲುಗಳನ್ನು ಬೀಸಣಿಗೆಯಂತೆ ಆಡಿಸುತ್ತ ಹೊಸ ನೀರನ್ನು ಹಾಯಿಸುತ್ತಿರುತ್ತದೆ. ಹೊರಬರುವ ಸುಮಾರು 2 ಮಿಲಿಮೀಟರ್ ಉದ್ದದ ಮರಿ ಆಕಾರದಲ್ಲಿ ತಾಯಿಯ ಪ್ರತಿರೂಪ; ನಡುವೆ ಈಜುವ ಮರಿಹುಳುವಿನ ಹಂತವಿಲ್ಲ. ಮನೆಯ ತೊಟ್ಟಿಯಲ್ಲಿ ಇದರ ಸಂಖ್ಯೆ ಸುಲಭವಾಗಿ ಬೆಳೆಯಲು ಇದೇ ಕಾರಣ. ಎರಡು ಮೂರು ತಿಂಗಳಲ್ಲಿ ಮರಿಗಳೂ ಪ್ರಾಯಕ್ಕೆ ಬರುತ್ತವೆ.

ಗಪ್ಪಿಯಂತಹ ಸಣ್ಣ ಮೀನುಗಳೂ ಮರಿಗಳನ್ನು ತಿನ್ನುತ್ತವೆ. ಸಂತತಿ ಬೇಕೆನ್ನುವವರು ಸಿಗಡಿಗಳನ್ನು ಪ್ರತ್ಯೇಕವಾಗಿಯೇ ಇಡುವುದು ವಾಸಿ.

ಪರಿಸರದ ಮೇಲಿನ ಪರಿಣಾಮ

ಅಕ್ವೇರಿಯಂಗಳಿಂದ ಹೊರಬಿದ್ದ ಈ ಸಿಗಡಿ ಜಪಾನ್, ಹವಾಯಿ, ಜರ್ಮನಿ, ಪೋಲೆಂಡ್ ಮೊದಲಾದ ಕಡೆ ನಿಸರ್ಗದಲ್ಲಿ ನೆಲೆಯೂರಿದೆ. ಜರ್ಮನಿಯಲ್ಲಿ ಅದು ನೆಲೆಸಿದ ಗಿಲ್‌ಬಾಖ್ ತೊರೆಗೆ ವಿದ್ಯುತ್ ಸ್ಥಾವರದ ಬಿಸಿ ನೀರು ಸೇರುತ್ತದೆ; ಅಲ್ಲಿನ ಚಳಿಯನ್ನು ದಾಟಲು ಆ ಬಿಸಿ ನೆರವಾಯಿತು. ದಕ್ಷಿಣ ಭಾರತದ ಹಳ್ಳಗಳಿಗೆ ಚಳಿಗಾಲದ ಅಂತಹ ತಡೆಯೂ ಇಲ್ಲ. ಪಶ್ಚಿಮ ಘಟ್ಟದ ತೊರೆಗಳಲ್ಲಿ ಕ್ಯಾರಿಡಿನಾ ಕುಲದ ಸ್ಥಳೀಯ ಸಿಗಡಿಗಳು ಇದೇ ಬಗೆಯ ಮೇವನ್ನು ಅವಲಂಬಿಸಿವೆ. ಹೊಸದಾಗಿ ಬಂದ ಸಿಗಡಿ ಅವುಗಳ ಆಹಾರಕ್ಕೆ ಪೈಪೋಟಿ ನೀಡುವುದರೊಂದಿಗೆ ತನ್ನ ಪರಾವಲಂಬಿಗಳನ್ನೂ ಹೊತ್ತು ತರಬಹುದು. ಬಿಡುಗಡೆಗೊಂಡ ಸಿಗಡಿಗಳು ಕೆಂಪಾಗಿಯೇ ಉಳಿಯುವುದಿಲ್ಲ. ತಲೆಮಾರುಗಳು ಕಳೆದಂತೆ ಕಂದಾಗಿ ಸ್ಥಳೀಯ ಸಿಗಡಿಗಳ ನಡುವೆ ಗುರುತು ಸಿಗದಂತಾಗುತ್ತವೆ. ಆದುದರಿಂದ ಹೆಚ್ಚಾದ ಸಿಗಡಿಗಳನ್ನು ಕೆರೆ, ಹೊಳೆ, ಬಾವಿಗಳಿಗೆ ಬಿಡದೆ ಬೇರೆ ಸಾಕಣೆಗಾರರಿಗೆ ಅಥವಾ ಅಂಗಡಿಗೆ ಕೊಡಬೇಕು. ತೊಟ್ಟಿಯಿಂದ ತೆಗೆದ ನೀರಿನಲ್ಲಿ ಕಣ್ಣಿಗೆ ಕಾಣದ ಮರಿಗಳು ಇರಬಹುದಾದ ಕಾರಣ ಅದನ್ನು ಚರಂಡಿಗೆ ಚೆಲ್ಲುವ ಬದಲು ಸಣ್ಣ ಬಲೆಯಲ್ಲಿ ಸೋಸಿ, ಹೂಕುಂಡಗಳ ಅಥವಾ ತೋಟದ ಒಣಮಣ್ಣಿಗೆ ಹಾಕುವುದು ರೂಢಿಯಲ್ಲಿದೆ.