ಮಾಗಡಿ ಗೌಡರ ಸೊಸೆಯ ಕಥೆಯೂ ‘ಕೆರೆಗೆ ಹಾರ’ವೂ

ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದ ಕೆಂಪೇಗೌಡನ ಹೆಸರಿನೊಡನೆ ಅವನ ಸೊಸೆ ಲಕ್ಷ್ಮೀದೇವಿಯ ಆತ್ಮಬಲಿಯ ಕಥೆಯೂ ಜನರ ಬಾಯಲ್ಲಿ ನೆಲಸಿರುವುದು ವಾಚಕರಿಗೆ ವಿದಿತವೇ ಆಗಿದೆ. ಕಟ್ಟಿದ ಹೆಬ್ಬಾಗಿಲು ಮರಳಿ ಮರಳಿ ಬೀಳುತ್ತಿತ್ತೆಂದೂ, ಗರ್ಭಿಣಿಯ ಬಲಿಯಿಲ್ಲದೆ ಅದು ನಿಲ್ಲದೆಂದು ಕೇಳಿದ ಲಕ್ಷ್ಮೀದೇವಿಯು ರಾತ್ರಿಯಲ್ಲಿ ಒಬ್ಬಳೇ ಹೋಗಿ ತನ್ನನ್ನು ಬಲಿಗೊಟ್ಟುಕೊಂಡಳೆಂದೂ ಹೇಳುವರು. ಕೋರಮಂಗಲದಲ್ಲಿ ಅವಳ ಗುಡಿಯುಂಟು.

ಈ ಗೌಡನನ್ನು ಜನರು ‘ಮಾಗಡಿ ಕೆಂಪೇಗೌಡ’ನೆಂದೇ ಕರೆಯುವರು. ಆದರೆ ಬೆಂಗಳೂರು ಹುಟ್ಟಿದುದು, ವಾಡಿಕೆಯ ಎಣಿಕೆಯಂತೆ, 1537ರಲ್ಲಿ. ಬಿಜಾಪುರದ ಸೇನಾಪತಿ ರಣದುಲ್ಲಾಖಾನನು 1638ರಲ್ಲಿ ಅದನ್ನು ಗೆದ್ದಮೇಲೆಯೇ ಮಾಗಡಿಯು ಆ ವಂಶದ ರಾಜಧಾನಿಯಾಯಿತು. ನೂರು ವರ್ಷಗಳ ಅಂತರವನ್ನು ಹೀಗೆ ಅಳಿಸಿರುವ ಜನಶ್ರುತಿಯು ಸೊಸೆಯ ಕಥೆಯನ್ನು ಮಾತ್ರ ನಡೆದಂತೆಯೇ ಉಳಿಸಿಕೊಂಡಿದೆಯೆ? ಇದನ್ನು ವಿಚಾರಿಸಲು ‘ಕೆರೆಗೆ ಹಾರ’ವೆಂಬ ಹೆಂಗಸರ ಹಾಡು ನಮಗೆ ನೆರವಾಗುವುದು.

ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಯಲ್ಲಿ ಹನಿ ನೀರಿಲ್ಲ. ಸೊಸೆಯೊಬ್ಬಳನ್ನು ಹಾರ ಕೊಡಬೇಕೆಂದು ಹೊತ್ತಗೆ ನುಡಿಯುವುದು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನವೇ ಹೋಗುವುದೆಂದು ಕಿರಿಯವಳಾದ ಭಾಗೀರಥಿಯನ್ನು ಆರಿಸುವರು. ಅವಳು ತವರಿಗೆ ಹೋಗಿಯೂ ತಾಯಿತಂದೆಗಳಿಗೆ ನಿಜವನ್ನು ಹೇಳಳು. ಗೆಳತಿಯೊಬ್ಬಳಿಗೆ ಮಾತ್ರ ಹೇಳುವಳು. ಪೂಜೆ ಮುಗಿದು ಮರೆತ ಬಟ್ಟಲಿಗಾಗಿ ಹಿಂದಿರುಗಿದಾಗ ಮೆಟ್ಟಿಲು ಮೆಟ್ಟಿಲಿಗೂ ನೀರೇರಿ ಅವಳನ್ನು ಮುಳುಗಿಸುವುದು. ದಂಡಿನಿಂದ ಬಂದ ಗಂಡ ಮಾದೇವರಾಯನೂ ಅದೇ ಕೆರೆಗೆ ಹಾರುವನು.

ಎರಡರ ಮೂಲಬೀಜ ಒಂದೇ: ಕಟ್ಟಡವು ನಿಲ್ಲಲು ಮನೆಯ ಸೊಸೆಯ ಪ್ರಾಣ ಬೇಕು. ಆದರೆ ಹಾಡಿನ ನುಡಿ ಉತ್ತರ ಕರ್ನಾಟಕದ್ದು. ಕಥೆಯ ನೆಲೆ ದಕ್ಷಿಣದ್ದು. ಇದರಿಂದ ಅದು ಇದನ್ನು ಹೆತ್ತಿತೆಂದು ಹೇಳಲಾಗದು. ಈ ಬೀಜವು ಕನ್ನಡನಾಡಿಗೆ ಮಾತ್ರ ಸೇರಿದುದೂ ಅಲ್ಲ. ಸರ್ಬಿಯದವನಾದ ವೂಕ್ ಕರಾಜಿಚ್ ಸಂಗ್ರಹಿಸಿದ, ಯಾಕೋಬ್ ಗ್ರಿಮ್ಮನು 1824ರಲ್ಲಿ ಜರ್ಮನ್ ಭಾಷೆಗೆ ತಂದ ಸ್ಕಾದರ್ ಕೋಟೆಯ ಹಾಡಿನಲ್ಲಿಯೂ ಮೂವರು ಅಣ್ಣತಮ್ಮಂದಿರ ಹೆಂಡಿರಲ್ಲಿ ಕಿರಿಯವಳೇ ಗೋಡೆಯೊಳಗೆ ಸೇರುವಳು. ರುಮೇನಿಯದ ಮನೋಲೆಯ ಹಾಡಿನಲ್ಲಿ ಹೆಂಡತಿಯನ್ನು ಗೋಡೆಯಲ್ಲಿಟ್ಟ ಶಿಲ್ಪಿಯು ತಾನೂ ಬಿದ್ದು ಸಾಯುವನು. ಅವನು ಬಿದ್ದೆಡೆಯಲ್ಲಿ ನೀರು ಚಿಮ್ಮುವುದು. ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ 1996ರಲ್ಲಿ ಪ್ರಕಟಿಸಿದ ಸಂಕಲನದಲ್ಲಿ ಈ ಯೂರೋಪಿನ ಹಾಡುಗಳನ್ನೂ ಭಾರತದವನ್ನೂ ಒಂದೆಡೆ ಇಟ್ಟು ವಿಮರ್ಶಿಸಲಾಗಿದೆ.

ಆದುದರಿಂದ ಲಕ್ಷ್ಮೀದೇವಿಯ ಬಲಿಯನ್ನು ಕೋಟೆಯ ಚರಿತ್ರೆಯಲ್ಲಿ ನಡೆದ ಸಂಗತಿಯೆಂದು ಬರೆಯುವವರು ತಡೆದು ಯೋಚಿಸಬೇಕು. ಊರೂರು ಸುತ್ತಿದ ಕಥೆಯೊಂದು ಹೆಸರಾಂತ ಗೌಡನ ಬಾಗಿಲಲ್ಲಿ ಬಂದು ನಿಂತಿರುವುದು ಹೆಚ್ಚು ಸಂಭವನೀಯ.

ಪಾಠಭೇದದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವುಂಟು. ಗೌಡರ ಕೀರ್ತಿಯೊಡನೆ ಬೆಳೆದ ಕಥೆಯಲ್ಲಿ ಸೊಸೆಯು ತಾನಾಗಿ ಸಾಯುವಳು, ಮಾವನು ನಿರ್ದೋಷಿ. ಹೆಂಗಸರು ಹಾಡಿಕೊಂಡುಬಂದ ಹಾಡಿನಲ್ಲಿ ಅವಳನ್ನು ಮನೆಯವರೇ ಆರಿಸಿ ಕೊಡುವರು. ಅವಳ ದುಃಖಕ್ಕೆ ಗೆಳತಿಯೊಬ್ಬಳೇ ಸಾಕ್ಷಿ. ‘ತಾನಾಗಿ’ ಎಂಬ ಮಾತನ್ನು ಪಠ್ಯಗಳಲ್ಲಿ ಬರೆಯುವ ಮೊದಲು ಉಪಾಧ್ಯಾಯರು ಈ ಸಾಕ್ಷಿಯನ್ನೂ ಕೇಳುವುದು ನ್ಯಾಯವಾಗಿದೆ.