ಸಕ್ಕರೆ ಕಣಕದ ಚರಿತ್ರೆ

ಹುಟ್ಟುಹಬ್ಬದ ಕೇಕಿಗೆ ಹೊದಿಸುವ, ಗೊಂಬೆಗಳನ್ನು ತಿದ್ದುವ ಫಾಂಡೆಂಟ್ ನುಣ್ಣನೆಯ ಸಕ್ಕರೆಪುಡಿಯ ಕಣಕ. ಹೋಳಿಗೆಯ ಕಣಕದಂತೆ ಇದನ್ನೂ ನಾದಿದಷ್ಟೂ ಹದ. ಗ್ಲೂಕೋಸ್ ಪಾಕವಿದ್ದರೆ ಸಕ್ಕರೆ ಮತ್ತೆ ಹರಳುಗಟ್ಟುವುದಿಲ್ಲ, ಗ್ಲಿಸರಿನ್ ತೇವವನ್ನು ಹಿಡಿದಿಡುತ್ತದೆ, ಜೆಲಟಿನ್ ಅಥವಾ ಗೋಂದು ಹಿಗ್ಗುವ ಗುಣ ಕೊಡುತ್ತದೆ. ಇದೇ ಹೆಸರಿನ ಇನ್ನೊಂದು ಪದಾರ್ಥವೂ ಇದೆ. ಸಕ್ಕರೆ ಪಾಕವನ್ನು ಸುಮಾರು 115 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಆರಿಸಿ, ಬೆಳ್ಳಗಾಗುವವರೆಗೆ ತಿರುವಿದರೆ ಸಿಗುವ ಅದು ಮುಖ್ಯವಾಗಿ ಸುರಿಯಲು ಒಗ್ಗುತ್ತದೆ, ಗೊಂಬೆಗೆ ಬಾರದು.

ಸಕ್ಕರೆಯಲ್ಲಿ ಆಕೃತಿ ಕಡೆಯುವ ಕಲೆ ಕೇಕಿನ ಫಾಂಡೆಂಟ್‌ಗಿಂತ ಬಹಳ ಹಳೆಯದು. 11ನೇ ಶತಮಾನದಲ್ಲಿ ಕೈರೋಗೆ ಹೋದ ಪರ್ಷಿಯಾದ ಪ್ರವಾಸಿ ನಾಸಿರ್ ಖುಸ್ರೌ, ಫಾತಿಮಿದ್ ದೊರೆಯ ಔತಣದಲ್ಲಿದ್ದ ಸಕ್ಕರೆಯ ಕಿತ್ತಳೆ ಮರವನ್ನು ವರ್ಣಿಸಿದ್ದಾನೆ. 1582ರಲ್ಲಿ ಇಸ್ತಾಂಬುಲ್‌ನಲ್ಲಿ ಸುಲ್ತಾನ ಮೂರನೇ ಮುರಾದನ ಮಗನ ಸುನ್ನತಿ ಉತ್ಸವಕ್ಕೆ ಸಕ್ಕರೆಯ ಪ್ರಾಣಿಗಳನ್ನು ಮೆರವಣಿಗೆಯಲ್ಲಿ ಹೊತ್ತು ತಂದರು. ದುಬಾರಿ ಸಕ್ಕರೆಯನ್ನು ಹೀಗೆ ಆಟಿಕೆಯಾಗಿಸುವುದು ಅರಸರ ಐಶ್ವರ್ಯದ ಪ್ರದರ್ಶನವೂ ಆಗಿತ್ತು.

ಕೈಯಲ್ಲಿ ತಿದ್ದಬಹುದಾದ ಕಣಕದ ಗುಟ್ಟು ಟ್ರಾಗಕಾಂತ್ ಗೋಂದಿನಲ್ಲಿತ್ತು. ಇರಾನ್, ತುರ್ಕಿಯ ಒಣ ಗುಡ್ಡಗಳಲ್ಲಿ ಬೆಳೆಯುವ ಮುಳ್ಳುಗಿಡದಿಂದ ಒಸರುವ ಅಂಟು ಇದು. ಅಲೆಸ್ಸಿಯೊ ಎಂಬ ಹೆಸರಿನಲ್ಲಿ ಪ್ರಕಟವಾಗಿ, 1558ರಲ್ಲಿ ಇಂಗ್ಲಿಷಿಗೆ ಬಂದ ಇಟಲಿಯ ಪುಸ್ತಕವೊಂದರಲ್ಲಿ ಅದರ ವಿಧಾನವಿದೆ: ಗೋಂದನ್ನು ಗುಲಾಬಿ ನೀರಿನಲ್ಲಿ ನೆನೆಸಿ, ನಿಂಬೆರಸ, ಮೊಟ್ಟೆಯ ಬಿಳಿ, ಸಕ್ಕರೆ ಸೇರಿಸಿ ನಾದಬೇಕು. ಅದರಿಂದ ತಟ್ಟೆ, ಲೋಟಗಳನ್ನೇ ಮಾಡಿ, ಊಟ ಮುಗಿದ ಮೇಲೆ ಅವನ್ನೂ ತಿಂದುಬಿಡುತ್ತಿದ್ದರು. ಇಂದು ಹೂವಿನ ತೆಳು ದಳಗಳಿಗೆ ಬಳಸುವ ಗಮ್ ಪೇಸ್ಟ್ ಈ ವಿಧಾನದ ನೇರ ವಂಶಜ.

ಈ ಗೊಂಬೆಗಳು ಮುಂದೆ ಕೇಕನ್ನು ಏರಿದವು. ಹಿರಿಯರಿಗೆ ಹುಟ್ಟುಹಬ್ಬದ ಕೇಕು ಮಾಡುವುದೂ ಹೊಸದಲ್ಲ. 1746ರಲ್ಲಿ ಜರ್ಮನಿಯ ಕೌಂಟ್ ತ್ಸಿನ್ಸೆಂಡಾರ್ಫ್‌ಗೆ 46 ತುಂಬಿದಾಗ ವಯಸ್ಸಿಗೊಂದರಂತೆ ಮೇಣದ ಬತ್ತಿ ನಿಲ್ಲಿಸಿದ ದೊಡ್ಡ ಕೇಕನ್ನು ತಯಾರಿಸಿದ್ದರು. ಗೊಂಬೆ ಮತ್ತು ಕೇಕು ಕೂಡಿದ ಪ್ರಸಿದ್ಧ ನಿದರ್ಶನ 1840ರ ವಿಕ್ಟೋರಿಯಾ ರಾಣಿಯ ಮದುವೆಯದು. ಸುಮಾರು 300 ಪೌಂಡ್ ತೂಕದ ಆ ಕೇಕಿನ ಮೇಲೆ ಬ್ರಿಟನ್ನಿನ ಪ್ರತೀಕವಾದ ಬ್ರಿಟಾನಿಯಾ ದೇವಿ ವಧೂವರರನ್ನು ಹರಸುತ್ತಿದ್ದಳು. ರಾಣಿ, ವರ ಆಲ್ಬರ್ಟ್ ಇಬ್ಬರಿಗೂ ಪ್ರಾಚೀನ ರೋಮಿನ ಉಡುಗೆ, ಕಾಲ ಬಳಿ ನಿಷ್ಠೆಯ ಗುರುತಾಗಿ ಒಂದು ನಾಯಿ. ಕೇಕಿನ ಗೊಂಬೆ ಗೌರವಿಸಲ್ಪಡುವವರ ಕಥೆ ಹೇಳಬೇಕು ಎಂಬ ಪದ್ಧತಿ ಇಲ್ಲಿ ಪೂರ್ಣರೂಪದಲ್ಲಿ ಕಾಣುತ್ತದೆ. 1874ರಲ್ಲಿ ಬ್ರಿಟನ್ ಸಕ್ಕರೆಯ ಸುಂಕವನ್ನು ತೆಗೆದುಹಾಕಿತು. ಅಗ್ಗವಾದ ಸಕ್ಕರೆ ಈ ಕಲೆಯನ್ನು ಸಾಮಾನ್ಯರ ಮನೆಗೂ ತಂದಿತು.

ಆ ಕಾಲದಲ್ಲಿ ಕೇಕಿಗೆ ಬಳಿಯುತ್ತಿದ್ದ, ಮೊಟ್ಟೆಯ ಬಿಳಿ ಮತ್ತು ಸಕ್ಕರೆಯ ರಾಯಲ್ ಐಸಿಂಗ್ ಪದರ ಪದರವಾಗಿ ಒಣಗಬೇಕಿತ್ತು, ಒಣಗಿದರೆ ಕಲ್ಲಿನಂತೆ ಗಟ್ಟಿ. ಲಟ್ಟಿಸಿ ಒಂದೇ ಸಲಕ್ಕೆ ಹೊದಿಸುವ ಮೆದು ಫಾಂಡೆಂಟ್ 20ನೇ ಶತಮಾನದಲ್ಲಿ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಬ್ರಿಟನ್‌ಗಳಲ್ಲಿ ನೆಲೆಯೂರಿತು. ಬಣ್ಣವನ್ನು ಕಣಕದಲ್ಲೇ ನಾದಬಹುದಾದ್ದರಿಂದ ಮನೆಯವರೂ ಗೊಂಬೆ ತಿದ್ದುವ ಧೈರ್ಯ ಮಾಡಿದರು. ಬ್ರಿಟಾನಿಯಾ ನಿಂತಿದ್ದ ಜಾಗಕ್ಕೆ ಅಜ್ಜಿಯ ಹೊಲಿಗೆಯಂತ್ರ, ತಾತನ ಆರಾಮಕುರ್ಚಿ ಮತ್ತು ಕನ್ನಡಕ ಬಂದವು. ಈ ಕಲೆಯ ಚರಿತ್ರೆಯಲ್ಲಿ ಇದಕ್ಕಿಂತ ಹೃದ್ಯವಾದ ತಿರುವು ಇಲ್ಲ.

ಕರ್ನಾಟಕಕ್ಕೆ ಸಕ್ಕರೆಯ ಆಕೃತಿಗಳು ಹೊಸದಲ್ಲ. ಆದರೆ ಸಂಕ್ರಾಂತಿಯ ಸಕ್ಕರೆ ಅಚ್ಚು ಪಾಕವನ್ನು ಮರದ ಅಚ್ಚಿಗೆ ಹೊಯ್ದು ಮಾಡುವಂಥದ್ದು, ನಾದುವಂಥದ್ದಲ್ಲ. ಕಣಕದ ಕೆಲಸವನ್ನು ಜನ ಹತ್ತಿರದಿಂದ ಕಂಡದ್ದು ಮುಖ್ಯವಾಗಿ ಬೆಂಗಳೂರಿನ ವರ್ಷಾಂತ್ಯದ ಕೇಕ್ ಪ್ರದರ್ಶನದಲ್ಲಿ. ಇಂದು ಅರವತ್ತರ ಷಷ್ಟ್ಯಬ್ದಿಗೂ ಇಂಥ ಕೇಕುಗಳು ಬರುತ್ತವೆ. ಸಸ್ಯಾಹಾರಿ ಮನೆಗಳಿಗೆಂದು ಪ್ರಾಣಿಜನ್ಯ ಜೆಲಟಿನ್ ಬಿಟ್ಟು ಸಸ್ಯಮೂಲದ ಅಂಟು ಬಳಸುತ್ತಾರೆ. ದುಬಾರಿ ಟ್ರಾಗಕಾಂತ್ ಬದಲು ಸಿಎಂಸಿ (ಸೆಲ್ಯುಲೋಸ್‌ನಿಂದ ತಯಾರಿಸಿದ ಅಂಟು) ಪುಡಿ ಬೆರೆಸಿ, ಗೊಂಬೆಗಳನ್ನು ಕೆಲವು ದಿನ ಮೊದಲೇ ಮಾಡಿ ಒಣಗಿಸುತ್ತಾರೆ. ಕರಾವಳಿಯ ತೇವದಲ್ಲಿ ಫಾಂಡೆಂಟ್ ಬೆವರುವುದರಿಂದ ಅಲ್ಲಿ ಈ ಒಣಗಿಸುವಿಕೆಗೆ ಹೆಚ್ಚು ದಿನ ಬೇಕಾಗುತ್ತದೆ.